ಹಿಂದೆಯೂ ಬಿಸಿಯಾಗಿತ್ತು, ನಿಜ

ಕಳೆದ ಸಂಚಿಕೆಯ ‘ಭೂಮಿ ಹಿಂದೆಂದೂ ಇಷ್ಟು ಬಿಸಿಯಾಗಿರಲಿಲ್ಲ’ ಲೇಖನಕ್ಕೆ ಓದುಗರೊಬ್ಬರು ಖಾರವಾಗಿಯೇ ಬರೆದಿದ್ದಾರೆ. ಅವರ ಪತ್ರದ ಸಾರ ಇಷ್ಟು: “ಒಂದು ಕಾಲಕ್ಕೆ ಧ್ರುವಪ್ರದೇಶದಲ್ಲೂ ಕಾಡು ಬೆಳೆದಿತ್ತು ಎಂದು ನಿಮ್ಮದೇ ಪತ್ರಿಕೆಯಲ್ಲಿ ಓದಿದ್ದೇನೆ. ಆಗ ಪೆಟ್ರೋಲ್ ಸುಡುತ್ತಿದ್ದವರು ಯಾರು? ಕೋಟ್ಯಂತರ ವರ್ಷಗಳ ಹಿಂದಿನ ಸಮುದ್ರಕ್ಕೆ ಥರ್ಮಾಮೀಟರ್ ಇಟ್ಟವರು ಯಾರು? ತಾನಾಗಿ ಏರಿ ತಾನಾಗಿ ಇಳಿಯುವ ಬಿಸಿಯನ್ನು ತೋರಿಸಿ ಜನರನ್ನು ಹೆದರಿಸುವುದೇಕೆ?”

ನಿಮ್ಮ ಮೊದಲ ಪೆಟ್ಟು ಸರಿಯಾದ ಜಾಗಕ್ಕೇ ಬಿದ್ದಿದೆ. ಆ ತಲೆಬರಹ ತಪ್ಪು. ಲೇಖಕರು ಕೊಟ್ಟದ್ದು ಬೇರೆ. ಪುಟ ಅಚ್ಚಿಗೆ ಹೋಗುವ ಸಂಜೆ ಅದು ಸಪ್ಪೆ ಎನಿಸಿ ಬದಲಿಸಿದವನು ನಾನು. 5 ಕೋಟಿ ವರ್ಷಗಳ ಹಿಂದೆ ಭೂಮಿ ಈಗಿಗಿಂತ ಹತ್ತು ಡಿಗ್ರಿಯಾದರೂ ಬಿಸಿಯಾಗಿತ್ತು. ಕೆನಡಾದ ಉತ್ತರದ ತುದಿಯಲ್ಲಿರುವ ಎಲ್ಸ್‌ಮಿಯರ್ ದ್ವೀಪದಲ್ಲಿ ಆ ಯುಗದ ಅಲಿಗೇಟರ್ ಮತ್ತು ಆಮೆಗಳ ಪಳೆಯುಳಿಕೆಗಳು ಸಿಕ್ಕಿವೆ. ಪೆಟ್ರೋಲ್ ಸುಡುವವರು ಇರಲಿಲ್ಲ, ಒಪ್ಪಿದೆ. ಆದರೆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ 1,000 ಪಿಪಿಎಂಗೂ (ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಅದರ ಕಣ ಎಷ್ಟು ಎಂಬ ಲೆಕ್ಕ) ಮೇಲಿತ್ತು. ಅದರಲ್ಲಿ ಬಹುಪಾಲು, ಜ್ವಾಲಾಮುಖಿಗಳು ಲಕ್ಷಾಂತರ ವರ್ಷ ಉಗುಳಿದ್ದು. ಈ ಅನಿಲ ಯಾರ ಮನೆಯದೆಂದು ವಾತಾವರಣ ವಿಚಾರಿಸುವುದಿಲ್ಲ. ಹಾಗಾಗಿ ನೀವು ಎತ್ತಿ ತೋರಿಸಿದ ಬಿಸಿಗಾಲ ನಮ್ಮ ವಾದಕ್ಕೆ ಅಡ್ಡಿಯಲ್ಲ, ಅದರ ಬುನಾದಿಯೇ.

ಈಗ ಥರ್ಮಾಮೀಟರಿನ ವಿಷಯ. ನನಗೆ ಪತ್ರದಲ್ಲಿ ಅತಿ ಇಷ್ಟವಾದ ಪ್ರಶ್ನೆ ಇದು. ಸಮುದ್ರದಲ್ಲಿ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳಿವೆ, ಹೆಚ್ಚಿನವು ಮರಳಿನ ಕಣದಷ್ಟು ದಪ್ಪ. ಕೆಲವು ಮೇಲೆ ತೇಲುತ್ತವೆ, ಕೆಲವು ತಳದಲ್ಲೇ ಬದುಕುತ್ತವೆ. ಅನೇಕ ಜಾತಿಗಳು ಸುಣ್ಣದ ಚಿಪ್ಪು ಕಟ್ಟಿಕೊಳ್ಳುತ್ತವೆ. ಸತ್ತಮೇಲೆ ಚಿಪ್ಪು ತಳದ ಹೂಳು ಸೇರುತ್ತದೆ, ಪದರದ ಮೇಲೆ ಪದರ. 1968ರಿಂದ ವಿಜ್ಞಾನಿಗಳು ಕೊರೆಯುವ ಹಡಗುಗಳಲ್ಲಿ ಹೋಗಿ ಈ ಹೂಳನ್ನು ಉದ್ದುದ್ದ ಕೊಳವೆಗಳಲ್ಲಿ ಮೇಲೆತ್ತುತ್ತಿದ್ದಾರೆ. ಅದನ್ನು ಜರಡಿಯಲ್ಲಿ ತೊಳೆದು, ಉಳಿದ ಪುಡಿಯನ್ನು ಸೂಕ್ಷ್ಮದರ್ಶಕದಡಿ ಹರಡಿ, ಒದ್ದೆ ಕುಂಚದ ತುದಿಗೆ ಒಂದೊಂದೇ ಚಿಪ್ಪು ಅಂಟಿಸಿ ಎತ್ತುತ್ತಾರೆ. ಬೇಕಾದ ಜಾತಿಯ ನಾಲ್ಕಾರು ಚಿಪ್ಪು ಸಿಗುವಷ್ಟರಲ್ಲಿ ಕಣ್ಣು ಸೋತಿರುತ್ತದೆ.

ಆ ಚಿಪ್ಪಿನೊಳಗೆ ಆಮ್ಲಜನಕದ ಎರಡು ಬಗೆಗಳಿವೆ: ಹಗುರವಾದ 16 ಮತ್ತು ಭಾರವಾದ 18. ನೀರು ತಣ್ಣಗಿದ್ದಷ್ಟೂ ಚಿಪ್ಪಿಗೆ ಭಾರದ್ದು ಹೆಚ್ಚು ಸೇರುತ್ತದೆ. ಇದರಿಂದ ಹಳೆಯ ಸಮುದ್ರದ ಉಷ್ಣಾಂಶ ಓದಬಹುದೆಂದು 1947ರಲ್ಲಿ ಲೆಕ್ಕ ಹಾಕಿದವರು ರಸಾಯನವಿಜ್ಞಾನಿ ಹೆರಾಲ್ಡ್ ಯೂರಿ. 1955ರಲ್ಲಿ ಚೆಸಾರೆ ಎಮಿಲಿಯಾನಿ ಆ ಲೆಕ್ಕವನ್ನು ಹೂಳಿನ ಮೇಲೆ ಪ್ರಯೋಗಿಸಿ ಹಿಮಯುಗಗಳ ಏರಿಳಿತವನ್ನು ಗುರುತಿಸಿದರು. ಆಮೇಲೆ ತಕರಾರು ಬಂತು. ಹಿಮ ಬೆಳೆದಾಗ ಹಗುರವಾದ ಆಮ್ಲಜನಕ ಅದರಲ್ಲಿ ಸಿಕ್ಕಿಬೀಳುತ್ತದೆ, ಸಮುದ್ರದಲ್ಲಿ ಭಾರದ್ದು ಉಳಿಯುತ್ತದೆ. ಎಮಿಲಿಯಾನಿ ಉಷ್ಣಾಂಶ ಎಂದುಕೊಂಡದ್ದರಲ್ಲಿ ಬಹುಪಾಲು ಹಿಮದ ಲೆಕ್ಕ ಎಂದು 1967ರಲ್ಲಿ ನಿಕೋಲಸ್ ಶ್ಯಾಕಲ್‌ಟನ್ ತೋರಿಸಿದರು. ಒಂದು ಥರ್ಮಾಮೀಟರ್ ಕೆಟ್ಟಿತು ಅನ್ನಿ, ಆದರೆ ಹಿಮವನ್ನು ಅಳೆಯುವ ಕೋಲು ಪುಕ್ಕಟೆಯಾಗಿ ಸಿಕ್ಕಿತು. ಉಷ್ಣಾಂಶವನ್ನು ಈಗ ಅದೇ ಚಿಪ್ಪಿನ ಮೆಗ್ನೀಸಿಯಂ ನೋಡಿ ಬೇರೆಯಾಗಿ ತಾಳೆ ಹಾಕುತ್ತಾರೆ. ಬೋರಾನ್ ನೋಡಿ ನೀರಿನ ಆಮ್ಲತೆ, ಅದರಿಂದ ಅಂದಿನ ಗಾಳಿಯ ಇಂಗಾಲದ ಡೈಆಕ್ಸೈಡ್ ಅಂದಾಜಿಸುತ್ತಾರೆ.

“ತಾನಾಗಿ ಏರಿ ತಾನಾಗಿ ಇಳಿಯುವ” ಎಂದಿರಿ. ಇಳಿಯಲು ಎಷ್ಟು ಕಾಲ ಹಿಡಿಯಿತು ಎಂಬುದು ಅಟ್ಲಾಂಟಿಕ್ಕಿನ ತಳದಲ್ಲಿ ಬರೆದಿದೆ. ಆಫ್ರಿಕಾದ ನೈಋತ್ಯ ಕರಾವಳಿಯಾಚೆ ವಾಲ್ವಿಸ್ ಎಂಬ ಮುಳುಗಿದ ಬೆಟ್ಟಸಾಲಿದೆ. 2003ರಲ್ಲಿ ಅಲ್ಲಿ ಎತ್ತಿದ ಹೂಳಿನ ಕೊಳವೆಗಳ ಚಿತ್ರ ನೋಡಿದರೆ ಯಾವ ಪದವಿಯೂ ಬೇಡ. ಕೆಳಗಿನಿಂದ ತಿಳಿಬಣ್ಣದ ಸುಣ್ಣದ ಹೂಳು ಬರುತ್ತದೆ. ಒಂದೆಡೆ, ಚಾಕುವಿನಲ್ಲಿ ಗೀರಿದಂತೆ, ಅದು ನಿಂತು ಕೆಂಗಂದು ಜೇಡಿ ಶುರುವಾಗುತ್ತದೆ. ಅದರ ಮೇಲೆ ಬಣ್ಣ ನಿಧಾನವಾಗಿ, ಬಹಳ ನಿಧಾನವಾಗಿ ಮತ್ತೆ ತಿಳಿಯಾಗುತ್ತದೆ. ಆ ಗೀರು 5.6 ಕೋಟಿ ವರ್ಷ ಹಳೆಯದು. ಅಂದು ಅಪಾರ ಇಂಗಾಲ ಗಾಳಿಗೂ ನೀರಿಗೂ ಸೇರಿತು. ಜ್ವಾಲಾಮುಖಿಯೋ, ತಳದ ಮೀಥೇನೋ, ಎರಡೂ ಕೂಡಿಯೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಭೂಮಿ 5ರಿಂದ 6 ಡಿಗ್ರಿ ಕಾದಿತು. ಆಳದ ನೀರು ಆಮ್ಲೀಯವಾಗಿ ಚಿಪ್ಪುಗಳನ್ನೇ ಕರಗಿಸಿತು; ಸುಣ್ಣ ಹೋಗಿ ಬರೀ ಜೇಡಿ ಉಳಿದದ್ದೇ ಆ ಕೆಂಪು ಪಟ್ಟೆ. ಅಂಟಾರ್ಕ್ಟಿಕಾ ಬಳಿಯ ಹೂಳಿನಲ್ಲಿ ಇದೇ ಬಿಸಿಯೇರಿಕೆಯನ್ನು ಜೇಮ್ಸ್ ಕೆನೆಟ್ ಮತ್ತು ಲೊವೆಲ್ ಸ್ಟಾಟ್ 1991ರಲ್ಲಿ ವರದಿ ಮಾಡಿದ್ದರು. ತಳದಲ್ಲಿ ಬದುಕುತ್ತಿದ್ದ ಫೊರಾಮಿನಿಫೆರಾ ಜಾತಿಗಳಲ್ಲಿ ಮೂರರಲ್ಲೊಂದರಿಂದ ಅರ್ಧದಷ್ಟು ಅಳಿದವು. ಭೂಮಿ ಸುಧಾರಿಸಿಕೊಂಡದ್ದು ನಿಜ. ಅದಕ್ಕೆ 1 ಲಕ್ಷ ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

ವೇಗವನ್ನೂ ನೋಡಿ. ಅಂದು ಇಂಗಾಲ ಸೇರಿದ್ದು ಸಾವಿರಾರು ವರ್ಷಗಳಲ್ಲಿ, ಒಂದು ಅಂದಾಜಿನಂತೆ ವರ್ಷಕ್ಕೆ ಸುಮಾರು 100 ಕೋಟಿ ಟನ್. ಇಂದು ಕಲ್ಲಿದ್ದಲು, ತೈಲ, ಅನಿಲ ಸುಟ್ಟು ನಾವು ಸೇರಿಸುತ್ತಿರುವುದು ವರ್ಷಕ್ಕೆ ಸುಮಾರು 1,000 ಕೋಟಿ ಟನ್.

ಆದರೂ ನಮ್ಮ ನಾಳೆಯನ್ನು ನೋಡಲು ಅಷ್ಟು ಹಿಂದೆ ಹೋಗಬೇಕಿಲ್ಲ. ಸುಮಾರು 30 ಲಕ್ಷ ವರ್ಷಗಳ ಹಿಂದೆ, ಪ್ಲಿಯೊಸೀನ್ ಯುಗದ ನಡುವೆ, ಇಂಗಾಲದ ಡೈಆಕ್ಸೈಡ್ 400 ಪಿಪಿಎಂ ಆಸುಪಾಸಿನಲ್ಲಿತ್ತು. ಕೈಗಾರಿಕೆಗೆ ಮುಂಚೆ 280 ಇದ್ದದ್ದು ಈಗ 420 ದಾಟಿದೆ. ಅಂದಿನ ಭೂಮಿ ಕೈಗಾರಿಕೆಗೆ ಮುಂಚಿನದಕ್ಕಿಂತ 2.5ರಿಂದ 4 ಡಿಗ್ರಿ ಬಿಸಿ, ಸಮುದ್ರ 5ರಿಂದ 25 ಮೀಟರ್ ಎತ್ತರ. ಹಾಗಾದರೆ ನಮಗೇಕೆ ಇನ್ನೂ ಅಷ್ಟಾಗಿಲ್ಲ? ಒಲೆ ಹೊತ್ತಿದ ಕೂಡಲೇ ಹಂಡೆ ನೀರು ಕಾಯುವುದಿಲ್ಲ. ಹೆಚ್ಚುವರಿ ಶಾಖದಲ್ಲಿ ಶೇ 90ರಷ್ಟನ್ನು ಸಾಗರ ನುಂಗಿಕೊಳ್ಳುತ್ತಿದೆ. ಹಿಮವಂತೂ ಶತಮಾನಗಳ ಲೆಕ್ಕದಲ್ಲಿ ಕರಗುತ್ತದೆ. ಹೊರಸೂಸುವಿಕೆ ಪೂರ್ತಿ ನಿಂತರೆ ಗಾಳಿಯ ಬಿಸಿಯೇರಿಕೆ ಹೆಚ್ಚುಕಡಿಮೆ ನಿಲ್ಲುತ್ತದೆ ಎನ್ನುತ್ತವೆ ಲೆಕ್ಕಗಳು. ಸಮುದ್ರ ಮಾತ್ರ ಏರುತ್ತಲೇ ಇರುತ್ತದೆ. 1.25 ಲಕ್ಷ ವರ್ಷಗಳ ಹಿಂದೆ ಭೂಮಿಯ ಕಕ್ಷೆಯ ವ್ಯತ್ಯಾಸದಿಂದ ಬಿಸಿಯಾದದ್ದು ಹೆಚ್ಚೆಂದರೆ ಒಂದೂವರೆ ಡಿಗ್ರಿ. ಸಮುದ್ರ ಈಗಿಗಿಂತ 5ರಿಂದ 10 ಮೀಟರ್ ಮೇಲೆ ನಿಂತಿತ್ತು. ಕಾರಣ ಬೇರೆಯಾದ್ದರಿಂದ ಅದನ್ನು ನಮ್ಮ ಕಾಲದ ತದ್ರೂಪು ಎನ್ನಲಾಗದು. ಆದರೆ ಹಿಮಕ್ಕೆ ಎಷ್ಟು ಸಣ್ಣ ಬಿಸಿ ಸಾಕು ಎಂಬುದನ್ನು ಅದು ಹೇಳುತ್ತದೆ.

ಹೆದರಿಸುವ ಆರೋಪಕ್ಕೆ ಇನ್ನೊಂದು ಮಾತು. ಹಳೆಯ ಸಮುದ್ರ ನಿಮ್ಮನ್ನು ಮಾತ್ರವಲ್ಲ, ಅತಿ ಹೇಳುವವರನ್ನೂ ತಿದ್ದುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಾದರೆ ಬಿಸಿ ಎಷ್ಟು ಏರೀತು? 1979ರಲ್ಲಿ ಅಮೆರಿಕದ ವಿಜ್ಞಾನಿಗಳ ಸಮಿತಿಯೊಂದು 1.5ರಿಂದ 4.5 ಡಿಗ್ರಿ ಎಂದಿತ್ತು. ಇತ್ತೀಚಿನ ಕೆಲವು ಕಂಪ್ಯೂಟರ್ ಮಾದರಿಗಳು 5 ಡಿಗ್ರಿ ದಾಟಿದವು. ಅಂಥದೊಂದಕ್ಕೆ 5 ಕೋಟಿ ವರ್ಷಗಳ ಹಿಂದಿನ ಗಾಳಿಯನ್ನು ಕೊಟ್ಟು ಓಡಿಸಿದಾಗ ಅದು ತೋರಿಸಿದ ಬಿಸಿ ಪಳೆಯುಳಿಕೆಗಳು ಹೇಳುವುದಕ್ಕಿಂತ ಎಷ್ಟೋ ಹೆಚ್ಚಾಯಿತು, ಮಾದರಿಯನ್ನೇ ಅನುಮಾನಿಸಬೇಕಾಯಿತು. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2021ರ ವರದಿ ಹಳೆಯ ಹವಾಮಾನದ ಸಾಕ್ಷ್ಯವನ್ನೂ ಸೇರಿಸಿ ತೂಗಿ 2.5ರಿಂದ 4ಕ್ಕೆ ಇಳಿಸಿತು. ನಡುವಿನ ಅಂದಾಜು 3.

ತಲೆಬರಹದ ತಪ್ಪು ನನ್ನದು. ಓದುಗರು ದಯವಿಟ್ಟು ಹೀಗೆ ತಿದ್ದಿಕೊಳ್ಳಬೇಕು: ‘ಮನುಷ್ಯ ಬಿತ್ತಿ ಬೆಳೆಯಲು ಕಲಿತಂದಿನಿಂದ ಭೂಮಿ ಇಷ್ಟು ಬಿಸಿಯಾಗಿರಲಿಲ್ಲ’. ಲೇಖಕರು ಮೊದಲು ಕಳಿಸಿದ್ದು ಹೆಚ್ಚುಕಡಿಮೆ ಇದನ್ನೇ.

— ಸಂಪಾದಕ