ಡಿಶ್ ತಿರುಗಿಸೋಕೆ ಯಾವ ಮೀಟರ್ ತಗೊಳ್ಳೋದು? ಬೀಪ್ ಮೀಟರ್ ಸಾಕಾ?

ಪ್ರಶ್ನೆ: ನಮ್ದು ಕೊಡಗಿನ ನಾಪೋಕ್ಲು ಹತ್ರ ಕಾಫಿ ತೋಟದ ಮಧ್ಯೆ ಸಣ್ಣ ಹೋಂಸ್ಟೇ. ಮನೆಗೆ ಡಿಡಿ ಫ್ರೀ ಡಿಶ್, ಗೆಸ್ಟ್ ರೂಮಿಗೆ ಟಾಟಾ ಪ್ಲೇ ಒಂದು, ಏರ್‌ಟೆಲ್ ಒಂದು. ಜೂನ್ ಬಂತು ಅಂದ್ರೆ ಗಾಳಿಗೆ ಯಾವ್ದಾದ್ರೂ ಒಂದು ಡಿಶ್ ಅಲ್ಲಾಡಿ ನೋ ಸಿಗ್ನಲ್ ಅಂತ ಬರುತ್ತೆ, ಟೆಕ್ನೀಶಿಯನ್‌ಗೆ ಫೋನ್ ಮಾಡಿದ್ರೆ ಮಳೆ ನಿಲ್ಲಲಿ ಸಾರ್ ಅಂತಾರೆ, ನಮ್ಮ ಕಡೆ ಮಳೆ ಯಾವಾಗ ನಿಲ್ಲುತ್ತೆ ಅಂತ ನಿಮಗೂ ಗೊತ್ತಲ್ಲ. ನಾನೇ ಸರಿ ಮಾಡ್ಕೊಳ್ಳೋಣ ಅಂತ ಆನ್‌ಲೈನ್ ನೋಡಿದ್ರೆ 400 ರೂಪಾಯಿಗೆ ಮುಳ್ಳಿರೋ ಬೀಪ್ ಮೀಟರ್ ಇದೆ, 3000 ಆಸುಪಾಸು ಸ್ಕ್ರೀನ್ ಇರೋದಿದೆ, ತಮ್ಮ ನೋಡಿದ್ರೆ ಫೋನ್ ಆಪ್ ಸಾಕು ಅಂತಾನೆ. ಯಾವ್ದು ತಗೊಳ್ಳಲಿ?

ಉತ್ತರ: ಒಂದೇ ಡಿಶ್ ಇದ್ದಿದ್ರೆ ಏನೂ ತಗೋಬೇಡಿ ಅಂತಿದ್ದೆ. ನಿಮ್ಮ ಹತ್ರ ಮೂರು ಡಿಶ್, ಮೂರೂ ಬೇರೆ ಬೇರೆ ಸ್ಯಾಟಲೈಟ್ ಕಡೆ ನೋಡ್ತಿವೆ, ಜೊತೆಗೆ ಗೆಸ್ಟುಗಳ ಬೈಗುಳ ಬೇರೆ. ಹಾಗಾಗಿ ಸ್ಕ್ರೀನ್ ಇರೋದೇ ತಗೊಳ್ಳಿ, ಆದ್ರೆ ಎಲ್ಲಾ ಸ್ಕ್ರೀನ್ ಮೀಟರೂ ಒಂದೇ ಅಲ್ಲ, ಅದನ್ನ ಮುಂದೆ ಹೇಳ್ತೀನಿ.

ಮೊದಲು ಆ 400 ರೂಪಾಯಿದ್ದು ಯಾಕೆ ಬೇಡ ಅಂತ. ಅದು ಎಲ್‌ಎನ್‌ಬಿಯಿಂದ (ಡಿಶ್ ಮುಂದಿನ ತೋಳಿನ ತುದಿಯಲ್ಲಿರೋ, ಸಿಗ್ನಲ್ ಹಿಡಿಯೋ ಡಬ್ಬಿ) ಬರೋ 950ರಿಂದ 2150 ಮೆಗಾಹರ್ಟ್ಜ್ ಒಳಗಿನ ಅಷ್ಟೂ ಪವರ್‌ನ ಒಟ್ಟಿಗೆ ಅಳೆದು ಮುಳ್ಳು ಎತ್ತುತ್ತೆ, ಕೀಂ ಅನ್ನುತ್ತೆ, ಅಷ್ಟೇ ಅದರ ಕೆಲಸ. ನಾಯಿ ಬೊಗಳಿದ್ರೆ ಯಾರೋ ಬಂದಿದಾರೆ ಅಂತ ಗೊತ್ತಾಗುತ್ತೆ, ಯಾರು ಅಂತ ಗೊತ್ತಾಗಲ್ಲ ನೋಡಿ, ಹಾಗೆ. ಫ್ರೀ ಡಿಶ್ ಬರೋದು 93.5 ಡಿಗ್ರಿ ಪೂರ್ವದಲ್ಲಿರೋ ಜಿಸ್ಯಾಟ್-15ರಿಂದ, 2015ರ ನವೆಂಬರ್‌ನಲ್ಲಿ ಹಾರಿಸಿದ್ದು ಅದನ್ನ. ಅದರ ಒಂದು ಮಗ್ಗುಲಲ್ಲಿ 91.5ರಲ್ಲಿ ಮೀಸ್ಯಾಟ್, ಇನ್ನೊಂದು ಮಗ್ಗುಲಲ್ಲಿ 95ರಲ್ಲಿ ಡಿಶ್ ಟಿವಿಯದ್ದು. ಮನೆ ಮೇಲಿರೋ 60 ಸೆಂಟಿಮೀಟರ್ ಡಿಶ್ ಒಂದೇ ಸಲಕ್ಕೆ ಸುಮಾರು 3 ಡಿಗ್ರಿ ಅಗಲ ನೋಡುತ್ತೆ. ಅಂದ್ರೆ 93.5 ಮತ್ತು 95 ಎರಡೂ ಅದರ ಕಣ್ಣಿಗೆ ಒಟ್ಟಿಗೇ ಬೀಳುತ್ವೆ, ಬೀಪ್ ಮೀಟರ್‌ಗೆ ಎರಡರ ಪವರೂ ಸೇರಿ ಮಧ್ಯದಲ್ಲೆಲ್ಲೋ ಜೋರು ಅನ್ಸುತ್ತೆ, ನೀವು ಖುಷಿಯಲ್ಲಿ ಬೋಲ್ಟ್ ಟೈಟ್ ಮಾಡ್ತೀರಿ, ಬಿಸಿಲಿದ್ದಾಗ ಚಾನೆಲ್ಲೂ ಬರುತ್ತೆ, ಮೊದಲ ಜೋರು ಮಳೆಗೆ ಹೋಗ್ಬಿಡುತ್ತೆ. ಆಮೇಲೆ ಬೈಸ್ಕೊಳ್ಳೋದು ಮಳೆ.

ಆಗ್ಲೇ ತಗೊಂಡಿದ್ರೆ ಬಿಸಾಡ್ಬೇಡಿ. ಗೇನ್ ನಾಬ್ (ಮೀಟರ್‌ನ ಸೂಕ್ಷ್ಮತೆ ಏರಿಸಿ ಇಳಿಸೋ ಗುಂಡಿ) ತಿರುಗಿಸಿ ಮುಳ್ಳು ಮಧ್ಯಕ್ಕೆ ತಂದ್ಕೊಂಡು ಹುಡುಕಿ, ಇಲ್ಲಾಂದ್ರೆ ಯಾವ ಕಡೆ ತಿರುಗಿಸಿದ್ರೂ ಕಿರುಚ್ತಾನೇ ಇರುತ್ತೆ. ಕೆಲಸ ಆದ್ಮೇಲೆ ಲೈನ್‌ನಿಂದ ತೆಗೀರಿ.

ಫೋನ್ ಆಪ್ ಸಿಗ್ನಲ್ ಅಳೆಯೋದೇ ಇಲ್ಲ, ದಿಕ್ಕು ತೋರ್ಸುತ್ತೆ ಅಷ್ಟೆ. ಅದೂ ಒಳ್ಳೇದೇ, ಆದ್ರೆ ತಗಡಿನ ಶೀಟಿನ ಮೇಲೆ, ಡಿಶ್ ಕಂಬದ ಪಕ್ಕ ನಿಂತ್ಕೊಂಡು ಫೋನ್ ಕಂಪಾಸ್ ನಂಬೋಕೆ ಹೋಗ್ಬೇಡಿ. ಅಂಗಳಕ್ಕಿಳಿದು ದಿಕ್ಕು ನೋಡಿ, ಆ ಸಾಲಲ್ಲಿರೋ ಒಂದು ಮರ ಗುರುತಿಟ್ಕೊಂಡು ಮೇಲೆ ಹತ್ತಿ. ಮಡಿಕೇರಿ ಲೆಕ್ಕದಲ್ಲಿ ಫ್ರೀ ಡಿಶ್‌ಗೆ ಉತ್ತರದಿಂದ ಸುಮಾರು 124 ಡಿಗ್ರಿ, ಅಂದ್ರೆ ಆಗ್ನೇಯ, ಎತ್ತರ 65 ಡಿಗ್ರಿ. ಟಾಟಾ ಪ್ಲೇದು 83 ಡಿಗ್ರಿ ಪೂರ್ವ, ಅದು 149ರ ದಿಕ್ಕಿಗೆ 73 ಡಿಗ್ರಿ ಮೇಲೆ, ಹೆಚ್ಚೂಕಮ್ಮಿ ನೆತ್ತಿ ಹತ್ರ. ಏರ್‌ಟೆಲ್ 108.2, ಅದಕ್ಕೆ 109ರ ದಿಕ್ಕು, ಎತ್ತರ ಬರೀ 50. ನಾಪೋಕ್ಲು ಆಗ್ಲಿ ವಿರಾಜಪೇಟೆ ಆಗ್ಲಿ ಇದರಲ್ಲಿ ದೊಡ್ಡ ವ್ಯತ್ಯಾಸ ಬರಲ್ಲ. ಡಿಶ್ ನೋಡೋಕೆ ಇಷ್ಟು ಮೇಲೆ ಮುಖ ಮಾಡಿರಲ್ಲ, ಯಾಕಂದ್ರೆ ಅದು ಆಫ್‌ಸೆಟ್ ಡಿಶ್ (ಎಲ್‌ಎನ್‌ಬಿ ನಡುಮಧ್ಯಕ್ಕಿರದೆ ಕೆಳಗಿರೋದು), ಬ್ರಾಕೆಟ್ ಮೇಲಿನ ಸ್ಕೇಲ್ ಆ ಲೆಕ್ಕ ಕಳೆದೇ ಇರುತ್ತೆ. ಆದ್ರೆ ಕಂಬ ನೆಟ್ಟಗಿಲ್ಲ ಅಂದ್ರೆ ಆ ಸ್ಕೇಲ್ ಸುಳ್ಳು ಹೇಳುತ್ತೆ, ಮೊದ್ಲು ತೂಗುಗುಂಡು ಇಟ್ಟು ಕಂಬ ನೋಡಿ, ಹಳೇ ಮನೆ ಗೋಡೆಗೆ ಹೊಡೆದಿರೋ ಬ್ರಾಕೆಟ್ ಆದ್ರೆ ಗಾಳಿಗೆ ಅಲ್ಲಾಡೋದು ಡಿಶ್ ಅಲ್ಲ, ಗೋಡೆಯ ಬೋಲ್ಟು.

ಈಗ ಡಿಜಿಟಲ್ ಮೀಟರ್. ಅಂಗಡಿಯವ್ರು ಸ್ಕ್ರೀನ್ ಎಷ್ಟು ಇಂಚು, ಬ್ಯಾಗ್ ಫ್ರೀ, ಚಾರ್ಜರ್ ಫ್ರೀ ಅಂತ ಹೇಳ್ತಾರೆ. ನೀವು ಕೇಳ್ಬೇಕಾದ್ದು, ಡಿವಿಬಿ-ಎಸ್2 (ಸ್ಯಾಟಲೈಟ್ ಟಿವಿ ಸಿಗ್ನಲ್‌ನ ಹೊಸ ಮಾದರಿ) ಹಿಡಿಯುತ್ತಾ? ನೋಡೋಕೆ ಒಂದೇ ಥರ ಇರೋ ಮಾಡೆಲ್‌ಗಳಲ್ಲಿ ಸ್ಯಾಟ್‌ಲಿಂಕ್ 6906 ಬರೀ ಹಳೇ ಡಿವಿಬಿ-ಎಸ್ ಹಿಡಿಯೋದು, 6933 ಎರಡನ್ನೂ ಹಿಡಿಯುತ್ತೆ. ಈಗಿನ ಎಚ್‌ಡಿ ಎಲ್ಲಾ ಎಸ್2ನಲ್ಲೇ ಬರೋದು, ಹಾಗಾಗಿ ಮೊದಲನೇದು ಅಗ್ಗಕ್ಕೆ ಸಿಕ್ತು ಅಂತ ತಂದ್ರೆ ಡಿಶ್ ಸರಿಯಾಗೇ ಇದ್ರೂ ಎಸ್2 ಸಿಗ್ನಲ್‌ಗೆ ಲಾಕ್ ಆಗಲ್ಲ (ಅಂದ್ರೆ ಅದನ್ನ ಗುರುತಿಸಿ ಹಿಡ್ಕೊಳ್ಳಲ್ಲ), ನೀವು ಸುಮ್ನೆ ತಿರುಗಿಸ್ತಾ ಕೂರ್ತೀರಿ.

ಎರಡನೇದು, ಎಂಇಆರ್ ಅಥವಾ ಸಿ/ಎನ್ (ಸಿಗ್ನಲ್ ಗದ್ದಲಕ್ಕಿಂತ ಎಷ್ಟು ಮೇಲಿದೆ ಅನ್ನೋ ಅಳತೆ) ಅನ್ನೋದನ್ನ ಡಿಬಿ ಲೆಕ್ಕದಲ್ಲಿ ತೋರಿಸ್ಬೇಕು. ಬರೀ ಪರ್ಸೆಂಟ್ ಬಾರ್ ಇದ್ರೆ ಬೇಡ. ಸ್ಟ್ರೆಂತ್ ಬಾರ್‌ಗೆ ಅರ್ಥವೇ ಕಮ್ಮಿ, ಖಾಲಿ ಆಕಾಶ ನೋಡ್ತಿರೋ ಡಿಶ್‌ಗೂ ಅದು ಅರ್ಧಕ್ಕಿಂತ ಮೇಲೆ ತೋರ್ಸುತ್ತೆ, ಯಾಕಂದ್ರೆ ಎಲ್‌ಎನ್‌ಬಿಯ ಸ್ವಂತ ಗದ್ದಲವೂ ಅದರಲ್ಲಿ ಸೇರಿರುತ್ತೆ. ಡಿಬಿ ಯಾಕೆ ಬೇಕು ಅಂದ್ರೆ ಕೊಡಗಿನ ಮಳೆಗೆ. ಚಿತ್ರ ಬರೋಕೆ ಸಾಮಾನ್ಯವಾಗಿ 7–8 ಡಿಬಿ ಸಾಕು, ಅದಕ್ಕಿಂತ ಕೆಳಗಿಳಿದ್ರೆ ಚೌಕ ಚೌಕ ಬಂದು ಟಕ್ ಅಂತ ನಿಂತೋಗುತ್ತೆ, ಹಳೇ ಆಂಟೆನಾ ಕಾಲದ ಹಾಗೆ ಮಬ್ಬಾಗಿ ಬರೋ ಪ್ರಶ್ನೆಯೇ ಇಲ್ಲ. ಈಗ ಒಣ ದಿನ ಒಂದು ಡಿಶ್ 9 ತೋರಿಸ್ತು, ಪಕ್ಕದ್ದು 13 ತೋರಿಸ್ತು ಅನ್ನಿ. ಟಿವಿ ಮುಂದೆ ಕೂತ್ರೆ ಎರಡರಲ್ಲೂ ಚಿತ್ರ ಅಚ್ಚುಕಟ್ಟು, ಏನೂ ವ್ಯತ್ಯಾಸ ಕಾಣಲ್ಲ. ಜುಲೈನಲ್ಲಿ ಗೊತ್ತಾಗುತ್ತೆ, 9ರದ್ದು ಸಾಧಾರಣ ಮಳೆಗೇ ಹೋಗುತ್ತೆ, 13ರದ್ದು ಭಾಗಮಂಡಲದ ಥರ ಸುರಿದಾಗ ಮಾತ್ರ ಹೋಗುತ್ತೆ, ಹೋದ್ರೂ ಬೇಗ ವಾಪಸ್ ಬರುತ್ತೆ. ನೀವು ದುಡ್ಡು ಕೊಡ್ತಿರೋದು ಆ 4 ಡಿಬಿ ಕಾಣೋಕೆ.

ತಂದ್ಮೇಲೆ ಇನ್ನೊಂದು ತಲೆನೋವು. ಒಳಗಿರೋ ಸ್ಯಾಟಲೈಟ್ ಲಿಸ್ಟ್ ಎಷ್ಟೋ ಸಲ ಹಳೇದು, ನಾವೇ ಹಾಕ್ಕೋಬೇಕು. ಫ್ರೀ ಡಿಶ್‌ಗೆ ಫ್ರೀಕ್ವೆನ್ಸಿ 11090, ವರ್ಟಿಕಲ್, ಸಿಂಬಲ್ ರೇಟ್ 29500, ಎಲ್‌ಎನ್‌ಬಿ ಯೂನಿವರ್ಸಲ್ 9750/10600 ಅಂತ ಹಾಕಿ ನೋಡಿ. ಫ್ರೀಕ್ವೆನ್ಸಿ ಆಗಾಗ ಬದಲಾಗುತ್ತೆ, ಅದಕ್ಕೆ ಚೆನ್ನಾಗಿ ಓಡ್ತಿರೋ ಬಾಕ್ಸಿನ ಸಿಗ್ನಲ್ ಪೇಜಲ್ಲಿ ಇರೋದನ್ನ ಬರೆದಿಟ್ಕೊಂಡ್ರೆ ಇನ್ನೂ ಒಳ್ಳೇದು. ಪೇ ಚಾನೆಲ್ ಆದ್ರೂ ಮೀಟರ್ ಲಾಕ್ ಆಗುತ್ತೆ, ಚಿತ್ರ ಬರಲ್ಲ ಅಷ್ಟೆ, ಚಿತ್ರ ನಮಗೆ ಬೇಕೂ ಇಲ್ಲ.

ತಿರುಗಿಸುವಾಗ ಅವಸರ ಮಾಡ್ಬೇಡಿ. ಡಿಜಿಟಲ್ ಮೀಟರ್ ಲಾಕ್ ಆಗೋಕೆ ಒಂದೆರಡು ಸೆಕೆಂಡ್ ತಗೊಳ್ಳುತ್ತೆ, ನೀವು ಅಷ್ಟರಲ್ಲಿ ದಾಟಿಸಿಬಿಟ್ರೆ ಸಿಗಲ್ಲ, ಡಿಶ್ ಅಂಚನ್ನ ಬೆರಳಗಲ ತಳ್ಳಿ, ನಿಲ್ಲಿಸಿ, ನೋಡಿ. ಲಾಕ್ ಆದ್ಮೇಲೆ ಎಡಕ್ಕೆ ತಳ್ತಾ ಡಿಬಿ 2 ಇಳಿಯೋವರೆಗೂ ಹೋಗಿ ಕಂಬದ ಮೇಲೆ ಪೆನ್ಸಿಲ್ ಗೆರೆ ಹಾಕಿ, ಬಲಕ್ಕೂ ಹಾಗೇ 2 ಇಳಿಯೋ ಕಡೆ ಇನ್ನೊಂದು ಗೆರೆ, ಡಿಶ್ ನಿಲ್ಬೇಕಾದ್ದು ಎರಡು ಗೆರೆ ಮಧ್ಯಕ್ಕೆ. ಮೇಲೆ ಕೆಳಗೂ ಇದೇ ಥರ. ಕೊನೆಗೆ ಎಲ್‌ಎನ್‌ಬಿನ ಅದರ ಕ್ಲಾಂಪಲ್ಲೇ ಸ್ವಲ್ಪ ಸ್ವಲ್ಪ ತಿರುಚಿ ನೋಡಿ, ಇದನ್ನ ಬಹಳ ಜನ ಮರೀತಾರೆ, ಡಿಬಿ ಅಲ್ಲೂ ಏರುತ್ತೆ. ಬೋಲ್ಟ್ ಬಿಗಿ ಮಾಡುವಾಗ ಕಣ್ಣು ಮೀಟರ್ ಮೇಲೇ ಇರ್ಲಿ, ಬಿಗಿ ಮಾಡೋ ಹೊತ್ತಿಗೇ ಡಿಶ್ ಜರುಗೋದು. ಮೀಟರ್ ತನ್ನ ಬ್ಯಾಟರಿಯಿಂದಲೇ ಎಲ್‌ಎನ್‌ಬಿಗೆ ಕರೆಂಟ್ ಕೊಡುತ್ತೆ, ಕರೆಂಟ್ ಇಲ್ಲದ ದಿನವೂ ಕೆಲಸ ಮಾಡ್ಬಹುದು, ನಮ್ಮ ಮಳೆಗಾಲಕ್ಕೆ ಇದೇ ಅದರ ದೊಡ್ಡ ಲಾಭ ಅಂತ ನನಗನ್ಸೋದು. ಹಾಗಂತ ಪಾಚಿ ಕಟ್ಟಿರೋ ಹೆಂಚಿನ ಮೇಲೆ ಮಳೇಲಿ ಹತ್ಬೇಡಿ, ಗೆಸ್ಟ್ ಒಂದು ದಿನ ಟಿವಿ ಇಲ್ದೆ ಇರ್ತಾರೆ. ಮೇ ತಿಂಗಳಲ್ಲೇ ಮೂರನ್ನೂ ಒಮ್ಮೆ ನೋಡಿ, ಡಿಬಿ ಎಷ್ಟಿತ್ತು ಅಂತ ಬರೆದಿಡಿ.

ಪ್ರಶ್ನೆ: ಮಡಿಕೇರಿಯಲ್ಲಿ ಮನೆ. ಮಂಜು ಮುಚ್ಚಿದ ದಿನ ಟಿವಿ ಕಟ್ ಆಗುತ್ತೆ. ಡಿಶ್ ಒಂದೇ, ನಾನೂ ಮೀಟರ್ ತಗೋಬೇಕಾ?

ಉತ್ತರ: ಬೇಡ. ಬಾಕ್ಸಿನ ಸಿಗ್ನಲ್ ಪೇಜ್ ಹಾಕಿ, ಮನೆಯವ್ರನ್ನ ಟಿವಿ ಮುಂದೆ ಕೂರಿಸಿ ಫೋನಲ್ಲಿ ಕ್ವಾಲಿಟಿ ಎಷ್ಟು ಅಂತ ಕೂಗಿಸ್ಕೊಂಡ್ರೆ ಸಾಕು. ಮಂಜನ್ನ ಬಿಟ್ಬಿಡಿ, ಡಿಟಿಎಚ್ ಬರೋ ಕೆಯು (Ku) ಬ್ಯಾಂಡ್ ಅನ್ನೋ ತರಂಗಗಳಿಗೆ ಮಂಜು ಲೆಕ್ಕಕ್ಕೇ ಇಲ್ಲ, ತಡೆಯೋದು ದಪ್ಪ ಹನಿ ಮಳೆ. ಮಂಜಿನ ದಿನ ಹೋಗ್ತಿದೆ ಅಂದ್ರೆ ತೇವ ಎಲ್ಲೋ ಒಳಗೆ ಹೋಗಿದೆ. ಎಲ್‌ಎನ್‌ಬಿ ಮುಂದಿನ ಪ್ಲಾಸ್ಟಿಕ್ ಮುಚ್ಚಳ ಬಿರುಕು ಬಿಟ್ಟಿದೆಯಾ ನೋಡಿ, ಬಾಕ್ಸ್ ಪ್ಲಗ್ ತೆಗೆದು ಕೇಬಲ್ ತುದಿಯ ಎಫ್ ಕನೆಕ್ಟರ್ ಬಿಚ್ಚಿ, ಮಧ್ಯದ ತಂತಿ ಹಸಿರು ಹಿಡಿದಿದ್ರೆ ಒಂದಿಂಚು ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ಮೇಲೆ ಸೆಲ್ಫ್ ಬಾಂಡಿಂಗ್ ಟೇಪ್ ಸುತ್ತಿ. ಕೇಬಲ್ ಒಳಗಿನ ಜಾಲರಿಯೂ ಕಪ್ಪಾಗಿದ್ರೆ ಪೂರ್ತಿ ಬದಲಾಯಿಸಿ, ಆರ್‌ಜಿ-6 ಹಾಕಿ.

ಪ್ರಶ್ನೆ: ಸೋಮವಾರಪೇಟೆ ಕಡೆ. ಡಿಶ್ ಮುಂದೆ ಸಿಲ್ವರ್ ಓಕ್ ಬೆಳೆದಿದೆ, ಅದಕ್ಕೆ ಮೆಣಸಿನ ಬಳ್ಳಿ ಬೇರೆ ಹಬ್ಬಿದೆ. ಕಡೀಲೇಬೇಕಾ?

ಉತ್ತರ: ಲೆಕ್ಕ ಹಾಕಿ ಆಮೇಲೆ ಕತ್ತಿ ಎತ್ತಿ. ಮರ ಡಿಶ್‌ಗಿಂತ 40 ಅಡಿ ಎತ್ತರ ಇದೆ ಅಂದ್ಕೊಳ್ಳಿ. ಫ್ರೀ ಡಿಶ್ ಆದ್ರೆ 65 ಡಿಗ್ರಿ ಮೇಲೆ ನೋಡುತ್ತೆ, ಮರ 19 ಅಡಿಗಿಂತ ದೂರ ಇದ್ರೆ ಅಡ್ಡ ಬರಲ್ಲ. ಟಾಟಾ ಪ್ಲೇ ಆದ್ರೆ 12 ಅಡಿ ಸಾಕು, ಏರ್‌ಟೆಲ್ ಕೆಳಗೆ ನೋಡೋದ್ರಿಂದ 34 ಅಡಿ ಬೇಕು. ಕೊಂಬೆ ಹರಡಿರುತ್ತೆ, ಅದಕ್ಕೆ ಮೂರ್ನಾಲ್ಕು ಅಡಿ ಸೇರಿಸ್ಕೊಳ್ಳಿ. ಒಣ ಎಲೆಗಿಂತ ಒದ್ದೆ ಎಲೆ ಜಾಸ್ತಿ ತಡೆಯೋದ್ರಿಂದ ಬೇಸಿಗೇಲಿ ಬರ್ತಿತ್ತು ಅನ್ನೋದನ್ನ ನಂಬ್ಬೇಡಿ. ಅಡ್ಡ ಇದ್ರೂ ಮರ ಉರುಳಿಸೋದೇನೂ ಬೇಡ, ಡಿಶ್‌ನ ಮನೆಯ ಇನ್ನೊಂದು ಮೂಲೆಗೆ ಹತ್ತಡಿ ಸರಿಸಿದ್ರೆ ಎಷ್ಟೋ ಸಲ ದಾರಿ ಬಿಡುತ್ತೆ, ಅದೂ ಆಗ್ಲಿಲ್ಲ ಅಂದ್ರೆ ಮಳೆಗೆ ಮುಂಚೆ ಮರಗಸಿಗೆ (ಕೊಂಬೆ ಸವರೋಕೆ) ಬರೋರಿಗೆ ಡಿಶ್ ನೋಡೋ ದಾರಿಗೆ ಅಡ್ಡ ಬರೋ ಕೊಂಬೆ ಮಾತ್ರ ತೆಗೀರಿ ಅಂತ ತೋರಿಸಿ, ಬಳ್ಳಿ ಉಳಿಯುತ್ತೆ.