ಅಜ್ಜಿಯ ನಡುವಯಸ್ಸನ್ನು ಹುಡುಕಿ

ಓದುಗರೊಬ್ಬರ ಪತ್ರ: "ನಮ್ಮ ಅಜ್ಜಿ 96ನೇ ವಯಸ್ಸಿನಲ್ಲಿ ತೀರಿಕೊಂಡರು. 20ಕ್ಕೆ ಒಬ್ಬರೇ ಹಡಗು ಹತ್ತಿ ಬೇರೆ ದೇಶಕ್ಕೆ ಹೋದವರು. ಅಲ್ಲಿ ಲಾರಿ ಓಡಿಸಿದರು. ವಾಪಸ್ ಬಂದು ಐದು ಮಕ್ಕಳನ್ನು ಬೆಳೆಸಿದರು. 60 ದಾಟಿದ ಮೇಲೆ ಈಜು ಕಲಿತರು. ಅವರ ಬಗ್ಗೆ ಬರೆಯಲು ಕೂತರೆ ಗೊತ್ತಿರುವ ಐದಾರು ಕತೆಗಳೇ ಸುತ್ತಿ ಸುತ್ತಿ ಬರುತ್ತವೆ. ಮಾವನ ಪ್ರಕಾರ ಹಡಗು ಹತ್ತುವಾಗ ಅಜ್ಜಿಯ ಕೈಯಲ್ಲಿ ಹೊಲಿಗೆ ಯಂತ್ರ ಇತ್ತು. ಅಮ್ಮನ ಪ್ರಕಾರ ಬರೀ ಒಂದು ಪೆಟ್ಟಿಗೆ. ಯಾವುದನ್ನು ಬರೆಯಲಿ? ಅಜ್ಜಿಯ ಕಷ್ಟದ ದಿನಗಳನ್ನು ಬರೆಯಲೇಬೇಡ ಅಂತಲೂ ಮಾವ ಹೇಳುತ್ತಾರೆ. ಒಂದು ಹಳೇ ಕ್ಯಾಸೆಟ್ಟಿನಲ್ಲಿ ಅಜ್ಜಿಯ ದನಿ ಇದೆ."

ಪ್ರಿಯ ಓದುಗರೇ,

ಪತ್ರ ಓದಿ ಮುಗಿಸಿದಾಗ ನಿಮ್ಮ ಅಜ್ಜಿಯನ್ನು ಒಂದು ಸಲ ನೋಡಬೇಕಿತ್ತು ಅನ್ನಿಸಿತು. ನೀವು ಬರೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೂ ಮೊದಲು ಒಂದು ಕೆಲಸ ಮಾಡಿ.

ಒಂದು ದೊಡ್ಡ ಹಾಳೆಯ ಮೇಲೆ ಅಜ್ಜಿಯ 96 ವರ್ಷಗಳನ್ನು ಹತ್ತು ಹತ್ತು ವರ್ಷಕ್ಕೆ ಒಂದೊಂದು ಗೆರೆ ಎಳೆದು ಗುರುತು ಮಾಡಿ. ಗೊತ್ತಿರುವ ಕತೆಗಳನ್ನೆಲ್ಲ ಅದರದರ ಜಾಗದಲ್ಲಿ ಬರೆಯಿರಿ. ಹಡಗು, ಲಾರಿ ಎಲ್ಲ 30ರ ಒಳಗೇ ಬಂದುಬಿಡುತ್ತವೆ. ಈಜು 60ರ ಆಚೆ. ನಡುವೆ? ನಿಮ್ಮ ಪತ್ರದಲ್ಲಿ ಆ ಮೂವತ್ತು ವರ್ಷಕ್ಕೆ ಸಿಕ್ಕಿರುವುದು "ಐದು ಮಕ್ಕಳನ್ನು ಬೆಳೆಸಿದರು" ಅನ್ನುವ ಒಂದೇ ಸಾಲು.

ಇದು ನಿಮ್ಮೊಬ್ಬರ ಮನೆಯ ಕತೆಯಲ್ಲ. ವಯಸ್ಸಾದವರನ್ನು ಹಳೆಯದನ್ನು ಹೇಳಿ ಅಂದರೆ, ಸುಮಾರು 10ರಿಂದ 30 ವರ್ಷದೊಳಗೆ ನಡೆದದ್ದೇ ಜಾಸ್ತಿ ಬರುತ್ತದೆ. ನೆನಪಿನ ಬಗ್ಗೆ ಅಧ್ಯಯನ ಮಾಡುವವರು 1980ರ ದಶಕದಿಂದ ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಮೊದಲ ಕೆಲಸ, ಮೊದಲ ಸಂಬಳ, ಮನೆ ಬಿಟ್ಟು ಹೊರಟ ದಿನ, ಇವೆಲ್ಲ ಆ ವಯಸ್ಸಿನಲ್ಲೇ ಅಲ್ವಾ? ಹಾಗಾಗಿ ಅಜ್ಜಿ ತಾವಾಗಿ ಹೇಳಿದ್ದು ಆ ಕಾಲದ್ದು. ಮೊಮ್ಮಕ್ಕಳಾದ ನೀವು ಕಣ್ಣಾರೆ ಕಂಡದ್ದು ಕೊನೆಯ ಕಾಲದ್ದು. ನಡುವಿನದ್ದನ್ನು ನೋಡಿದವರು ಅವರ ಮಕ್ಕಳು ಮಾತ್ರ. ಅವರಿಗೂ ಈಗ ವಯಸ್ಸಾಗಿದೆ. ಆದ್ದರಿಂದ ಬರೆಯುವುದು ಆಮೇಲೆ. ಮೊದಲು ಅಮ್ಮ, ಮಾವ, ಅವರಿಗಿಂತ ದೊಡ್ಡವರು ಇದ್ದರೆ ಅವರು, ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೂರಿಸಿಕೊಂಡು ಮಾತಾಡಿಸಿ. ಎಲ್ಲರೂ ಒಟ್ಟಿಗೆ ಕೂತರೆ ದೊಡ್ಡ ಗಂಟಲಿನವರ ಕತೆಯೇ ಎಲ್ಲರ ಕತೆ ಆಗಿಬಿಡುತ್ತದೆ.

ಅಜ್ಜಿ ಹೇಗಿದ್ದರು ಅಂತ ಮಾತ್ರ ಕೇಳಬೇಡಿ. "ತುಂಬಾ ಗಟ್ಟಿ ಹೆಂಗಸು, ತುಂಬಾ ಒಳ್ಳೆಯವರು" ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಏನು ಮಾಡುತ್ತಿದ್ದರು? ದುಡ್ಡು ಎಲ್ಲಿ ಇಡುತ್ತಿದ್ದರು? ಸಿಟ್ಟು ಬಂದರೆ ಕೂಗಾಡುತ್ತಿದ್ದರೋ, ಬಾಯಿ ಮುಚ್ಚಿಕೊಂಡು ಕೆಲಸ ಮಾಡುತ್ತಿದ್ದರೋ? ಯಾರ ಕಾಗದ ಬಂದರೆ ಒಳಗೆ ಹೋಗಿ ಒಬ್ಬರೇ ಓದುತ್ತಿದ್ದರು? ಲಾರಿ ಓಡಿಸಿದವರು ವಾಪಸ್ ಬಂದ ಮೇಲೆ ಯಾಕೆ ಓಡಿಸಲಿಲ್ಲ? ಈ ಕೊನೆಯ ಪ್ರಶ್ನೆ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ತಾವಾಗಿ ಬಿಟ್ಟರೋ, ಯಾರಾದರೂ ಬಿಡಿಸಿದರೋ? ಅಜ್ಜಿಯ ಬದುಕಿನ ದೊಡ್ಡ ತಿರುವು ಅಲ್ಲೇ ಇದ್ದರೂ ಇರಬಹುದು.

ಹೊಲಿಗೆ ಯಂತ್ರದ ವಿಷಯಕ್ಕೆ ಬರುತ್ತೇನೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ ಅವರ ಪ್ರಯೋಗವೊಂದು 1932ರಲ್ಲಿ ಪ್ರಕಟವಾಯಿತು. ಉತ್ತರ ಅಮೆರಿಕದ ಮೂಲನಿವಾಸಿಗಳ ಕತೆಯೊಂದನ್ನು ಇಂಗ್ಲೆಂಡಿನ ಜನರಿಗೆ ಓದಲು ಕೊಟ್ಟು, ಸ್ವಲ್ಪ ಸ್ವಲ್ಪ ದಿನ ಬಿಟ್ಟು ನೆನಪಿನಿಂದ ಬರೆಸಿದರು. ಸಲದಿಂದ ಸಲಕ್ಕೆ ಕತೆ ಚಿಕ್ಕದಾಯಿತು. ಓದಿದವರಿಗೆ ವಿಚಿತ್ರ ಅನ್ನಿಸಿದ್ದು ಉದುರಿಹೋಯಿತು. ಅವರಿಗೆ ಪರಿಚಯವಿದ್ದದ್ದು ಆ ಜಾಗದಲ್ಲಿ ಬಂದು ಕೂತಿತು. ಕತೆಯಲ್ಲಿದ್ದ ಕನೂ, ಅಂದರೆ ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ, ಬರೆಯುತ್ತಾ ಬರೆಯುತ್ತಾ ಬರೀ ದೋಣಿಯಾಯಿತು.

ಪ್ರಯಾಣಕ್ಕೆ ಹೊರಟವರ ಕೈಯಲ್ಲಿ ಪೆಟ್ಟಿಗೆ ಇರುವುದು ಎಲ್ಲರೂ ಊಹಿಸಬಹುದಾದ ಸಂಗತಿ. ಹೊಲಿಗೆ ಯಂತ್ರ ಹಾಗಲ್ಲ. ವಿಚಿತ್ರವಾಗಿದೆ ಅಂದಮಾತ್ರಕ್ಕೆ ನಿಜ ಅಂತ ನಾನು ಹೇಳುತ್ತಿಲ್ಲ. ಮಾವನನ್ನು ಇನ್ನೊಂದು ಸಲ ಕೇಳಿ ನೋಡಿ. ಆ ಯಂತ್ರ ಆಮೇಲೆ ಏನಾಯಿತು? ಅದರಲ್ಲಿ ಹೊಲಿದದ್ದೇನು? ಅವರಿಗೆ ಇದನ್ನು ಹೇಳಿದವರು ಯಾರು? ಆಗಲೂ ಬಗೆಹರಿಯದಿದ್ದರೆ ಎರಡನ್ನೂ ಬರೆಯಿರಿ, ಯಾರು ಹೇಳಿದ್ದು ಅಂತ ಸೇರಿಸಿ. ವರ್ಷಗಳನ್ನು ಮಾತ್ರ ಯಾರ ಬಾಯಿಂದಲೂ ತಗೊಳ್ಳಬೇಡಿ. ಹಳೇ ಪಾಸ್‌ಪೋರ್ಟಿನ ಮುದ್ರೆ, ಕಾಗದದ ಮೇಲಿನ ಅಂಚೆ ಮುದ್ರೆ, ಲೈಸೆನ್ಸ್, ಇವನ್ನು ನೋಡಿ ಹಾಕಿ.

ಇನ್ನು ಕಷ್ಟದ ದಿನಗಳನ್ನು ಬರೆಯಬೇಡ ಅನ್ನುವ ಮಾವನ ಮಾತು. ಇದಕ್ಕೆ ಇನ್ನೊಬ್ಬ ಅಜ್ಜಿಯ ಕತೆ ಹೇಳಬೇಕು. ಅಮೆರಿಕದ ಓಹಾಯೋ ರಾಜ್ಯದ ಎಮಾ ಗೇಟ್‌ವುಡ್, 11 ಮಕ್ಕಳ ತಾಯಿ. 1955ರಲ್ಲಿ, 67ನೇ ವಯಸ್ಸಿನಲ್ಲಿ, ನಡೆಯಲು ಹೋಗುತ್ತೇನೆ ಅಂತಷ್ಟೇ ಮಕ್ಕಳಿಗೆ ಹೇಳಿ ಮನೆಯಿಂದ ಹೊರಟರು. ಜಾರ್ಜಿಯಾದಿಂದ ಮೇಯ್ನ್‌ವರೆಗೆ ಬೆಟ್ಟಗಳ ಮೇಲೆಯೇ ಸಾಗುವ ಅಪಲೇಚಿಯನ್ ಟ್ರೇಲ್ ಅನ್ನುವ ಕಾಲುದಾರಿ, ಆಗ ಸುಮಾರು 3,300 ಕಿಲೋಮೀಟರ್. ಹೆಗಲ ಮೇಲೆ ತಾವೇ ಹೊಲಿದ ಬಟ್ಟೆಯ ಚೀಲ. ಕಾಲಿಗೆ ಸಾದಾ ಕ್ಯಾನ್ವಾಸ್ ಶೂ. ಟೆಂಟ್ ಇಲ್ಲ, ಮಳೆ ಬಂದರೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆಯೇ ಆಸರೆ. ಹಿಂದಿನ ವರ್ಷ ಒಮ್ಮೆ ಹೊರಟು, ದಾರಿ ತಪ್ಪಿ, ಕನ್ನಡಕ ಮುರಿದುಕೊಂಡು ವಾಪಸ್ ಬಂದಿದ್ದರು. ಈ ಸಲ ಪೂರ್ತಿ ನಡೆದರು. ಒಂದೇ ವರ್ಷದಲ್ಲಿ ಆ ದಾರಿಯನ್ನು ಒಬ್ಬರೇ ನಡೆದು ಮುಗಿಸಿದ ಮೊದಲ ಹೆಂಗಸು ಅವರು. ಅಷ್ಟಕ್ಕೇ ಬಿಡಲಿಲ್ಲ, 1957ರಲ್ಲಿ ಮತ್ತೆ ನಡೆದರು.

ಆಗಿನ ಪೇಪರುಗಳು ಬರೆದದ್ದು ಹುರುಪಿನ ಅಜ್ಜಿಯ ಬಗ್ಗೆ. ಗಂಡ ವರ್ಷಗಟ್ಟಲೆ ಹೊಡೆದದ್ದು, ಅದನ್ನು ತಡೆಯಲಾಗದೆ ಅವರು ಕಾಡಿನೊಳಗೆ ಹೋಗಿ ನೆಮ್ಮದಿ ಹುಡುಕುತ್ತಿದ್ದದ್ದು, 1941ರಲ್ಲಿ ವಿಚ್ಛೇದನ ಪಡೆದದ್ದು, ಇದೆಲ್ಲ ಹೊರಗಿನವರಿಗೆ ಸರಿಯಾಗಿ ತಿಳಿದದ್ದು ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ. ಆ ನಡುವಯಸ್ಸು ಗೊತ್ತಿಲ್ಲದಿದ್ದರೆ 67ರ ನಡಿಗೆ ಒಂದು ಖಯಾಲಿಯ ಥರ ಕಾಣುತ್ತದೆ. ಗೊತ್ತಾದ ಮೇಲೆ, ಕಾಡು ಅವರಿಗೆ ಏನಾಗಿತ್ತು ಅಂತ ಅರ್ಥವಾಗುತ್ತದೆ. ನಿಮ್ಮ ಅಜ್ಜಿಯ ಕಷ್ಟ ಏನೆಂದು ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ. ಆದರೆ 60ರ ಮೇಲೆ ಒಬ್ಬ ಹೆಂಗಸು ನೀರಿಗಿಳಿದು ಕೈಕಾಲು ಬಡಿದು ಈಜು ಕಲಿಯುತ್ತಾರೆ ಅಂದರೆ, ಅದರ ಹಿಂದೆ ಏನೋ ಇರುತ್ತದೆ. ಅದನ್ನು ಬಿಟ್ಟು ಬರೆದರೆ ಅವರ ಧೈರ್ಯ ಎಲ್ಲಿಂದ ಬಂತು ಅನ್ನುವುದೇ ಬಿಟ್ಟುಹೋಗುತ್ತದೆ.

ಹಾಗಂತ ಮಾವನ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಅಜ್ಜಿಯ ಕಷ್ಟದ ದಿನ ಅಂದರೆ ಅದು ಮಾವನ ಬಾಲ್ಯವೂ ಹೌದು. ಮನೆಯವರಿಗಾಗಿ ಎಲ್ಲವನ್ನೂ ಬರೆದಿಡಿ. ಪತ್ರಿಕೆಗೆ ಕೊಡುವ ಬರಹದಲ್ಲಿ ಬದುಕಿರುವವರಿಗೆ ನೋವಾಗುವ ಹೆಸರು, ವಿವರ ಬಿಡಿ. ಅಚ್ಚಿಗೆ ಹೋಗುವ ಮುಂಚೆ ಮಾವನಿಗೆ ಓದಿ ಹೇಳಿ. ಓದಿ ಹೇಳುವಾಗ ಅವರೇ ನಡುವೆ ತಡೆದು "ಹಾಗಲ್ಲ, ಹೀಗಾಗಿದ್ದು" ಅಂದರೂ ಅನ್ನಬಹುದು. ಪೆನ್ನು ಕೈಯಲ್ಲೇ ಇರಲಿ.

ಕ್ಯಾಸೆಟ್ಟನ್ನು ಸುಮ್ನೆ ಹಳೇ ಟೇಪ್ ರೆಕಾರ್ಡರಿಗೆ ಹಾಕಿ ಓಡಿಸಿ ನೋಡಬೇಡಿ. ಬೂಷ್ಟು ಹಿಡಿದಿರಬಹುದು, ಸುರುಳಿ ಸಿಕ್ಕಿಕೊಂಡು ತುಂಡಾಗಬಹುದು. ಹಳೇ ಟೇಪುಗಳನ್ನು ಕಂಪ್ಯೂಟರಿಗೆ ಏರಿಸಿಕೊಡುವ ಅನುಭವಸ್ಥರ ಕೈಗೇ ಕೊಡಿ, ಆಮೇಲೆ ಎರಡು ಮೂರು ಕಡೆ ಪ್ರತಿ ಇಡಿ. ಫೋಟೋಗಳನ್ನು ಹಿಂದು ಮುಂದು ಎರಡೂ ಕಡೆ ಸ್ಕ್ಯಾನ್ ಮಾಡಿಸಿ, ಹಿಂದೆ ಬರೆದದ್ದೂ ಬೇಕು. ಹೆಸರು ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಬರೆಯಿರಿ. ಬಾಲ್‌ಪೆನ್ ಒತ್ತಿದರೆ ಗುರುತು ಮುಂಭಾಗಕ್ಕೆ ಬರುತ್ತದೆ.

ಬರಹ ಉದ್ದವಾಯಿತು ಅಂತ ಯೋಚನೆ ಬೇಡ. ಒಂದು ಸಂಚಿಕೆಗೆ ಹಿಡಿಸದಿದ್ದರೆ ಎರಡರಲ್ಲಿ ಹಾಕೋಣ. ಅಜ್ಜಿಯ ನಲವತ್ತು ಐವತ್ತರ ವಯಸ್ಸಿನ ಫೋಟೋ ಒಂದಾದರೂ ಸಿಕ್ಕರೆ ಜೊತೆಗೆ ಕಳಿಸಿ.

– ಸಂಪಾದಕರು