ಬಣ್ಣ ಮಾಸಿದ್ದಕ್ಕೂ ಅಡ್ವಾನ್ಸ್ ಹಿಡಿಯಬಹುದಾ?
ನಾಲ್ಕು ವರ್ಷ ಇದ್ದು ಬಿಟ್ಟ ಬಾಡಿಗೆ ಮನೆಗೆ ಗೋಡೆಯ ಬಣ್ಣ, ಅಡುಗೆ ಕಟ್ಟೆಯ ಸುಟ್ಟ ಕಲೆ, ಬಚ್ಚಲಿನ ಬೂಷ್ಟು ಅಂತ ಅಡ್ವಾನ್ಸ್‌ನಲ್ಲಿ ಮಾಲೀಕರು ಹಣ ಹಿಡಿದಿದ್ದಾರೆ, ಸರೀನಾ ಅಂತ ಕೇಳಿದ್ದೀರಿ. ಮೂರಕ್ಕೂ ಒಂದೇ ಉತ್ತರ ಇಲ್ಲ.

ಬಿಸಿಲಿಗೆ ಬಣ್ಣ ಮಾಸುವುದು, ಒಂದೆರಡು ಮೊಳೆ ತೂತು, ಓಡಾಡುವ ಕಡೆ ನೆಲ ಸವೆಯುವುದು ಯಾರಿದ್ದರೂ ಆಗುವಂಥದ್ದು. ಅದಕ್ಕೆ ಹಣ ಹಿಡಿಯುವುದು ನ್ಯಾಯ ಅಲ್ಲ. ಆದರೆ ಬಣ್ಣದ ಖರ್ಚು ನಿಮ್ಮದೇ ಅಂತ ಕರಾರಿಗೆ ಸಹಿ ಹಾಕಿದ್ದರೆ ವಾದ ಕಷ್ಟ, ಮೊದಲು ಅದನ್ನು ನೋಡಿ.

ಕಟ್ಟೆ ಸುಟ್ಟಿರುವುದು ಹಾನಿಯೇ. ಬಿಸಿ ಪಾತ್ರೆ ತಾನಾಗಿ ಬಂದು ಕೂತಿಲ್ಲ ಅಲ್ವಾ! ಹಾಗಂತ ಹೊಸ ಕಟ್ಟೆಯ ಪೂರ್ತಿ ಬೆಲೆಗೆ ಒಪ್ಪಬೇಡಿ. 10 ವರ್ಷ ಬಾಳುವ ವಸ್ತುವಿಗೆ ಆಗಲೇ 7 ವರ್ಷ ಆಗಿದ್ದರೆ, ಉಳಿದ 3 ವರ್ಷದ ಬೆಲೆ, ಅಂದರೆ ಶೇ. 30ರಷ್ಟು ಕೊಡುವುದು ಸರಿಯಾದ ಲೆಕ್ಕ. ಬರೀ ಕಲೆ ತೆಗೆಸಿದರೆ ಸಾಕು ಅನ್ನುವಂತಿದ್ದರೆ ಅಷ್ಟೂ ಬೇಡ.

ಬೂಷ್ಟಿನದೇ ತಕರಾರು. ಪೈಪ್ ಸೋರಿ ಬಂದಿದ್ದರೆ ಮಾಲೀಕರ ಹೊಣೆ. ಸೋರುವುದು ಗೊತ್ತಿದ್ದೂ ತಿಂಗಳುಗಟ್ಟಲೆ ಸುಮ್ನೆ ಇದ್ದಿದ್ದರೆ ಒಂದು ಪಾಲು ನಿಮ್ಮ ತಲೆಗೂ ಬರುತ್ತದೆ. ಅವರಿಗೆ ತಿಳಿಸಿದ ಹಳೇ ಮೆಸೇಜ್, ಮನೆ ಸೇರಿದಾಗಿನ ಫೋಟೊ ಹುಡುಕಿಡಿ. ರಿಪೇರಿ ಬಿಲ್‌ಗಳನ್ನು ಬರವಣಿಗೆಯಲ್ಲೇ ಕೇಳಿ.